ಸೀಟು ಆಯ್ಕೆಗೆ ಮುನ್ನ ಕಾಲೇಜು ಕಣ್ಣಾರೆ ಕಾಣಿ

ಬೆಂಗಳೂರು: ಹತ್ತು ಅಂಗಡಿ ಸುತ್ತಿ ಒಂದು ಸೀರೆ ಕೊಳ್ಳುವ ಕುಟುಂಬಗಳೂ ಮಕ್ಕಳ ನಾಲ್ಕು ವರ್ಷಗಳ ಎಂಜಿನಿಯರಿಂಗ್ ಶಿಕ್ಷಣವನ್ನು ಮಾತ್ರ ಜಾಹೀರಾತು ಹಾಗೂ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ನೋಡಿ ನಿರ್ಧರಿಸುವುದುಂಟು. ಶುಲ್ಕ ಕಟ್ಟಿ, ಹಾಸ್ಟೆಲ್ ಬಾಗಿಲಲ್ಲಿ ಪೆಟ್ಟಿಗೆ ಇಳಿಸುವ ದಿನವೇ ಆ ಕಾಲೇಜಿನ ಪ್ರಥಮ ದರ್ಶನ. ಆಗ ಕಂಡ ಕೊರತೆಗೆ ಪರಿಹಾರವಿಲ್ಲ. ಸೀಟು ಬಿಟ್ಟರೆ ಹಣದ ಜತೆ ಒಂದು ವರ್ಷವೂ ಕೈತಪ್ಪುವ ಭಯ, ಬಿಡದಿದ್ದರೆ ನಾಲ್ಕು ವರ್ಷಗಳ ಅಸಮಾಧಾನ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಪದ್ಧತಿಯಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಅಭ್ಯರ್ಥಿ ಕಾಲೇಜು ಮತ್ತು ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸಬೇಕು. ರ‍್ಯಾಂಕ್‌ಗೆ ಅನುಗುಣವಾಗಿ, ಆ ಪಟ್ಟಿಯಲ್ಲಿ ಮೇಲಿನಿಂದ ಮೊದಲು ಲಭ್ಯವಾಗುವ ಸೀಟು ಹಂಚಿಕೆಯಾಗುತ್ತದೆ. ನೋಡದ ಕಾಲೇಜನ್ನು ಮೂರನೇ ಸ್ಥಾನದಲ್ಲಿಟ್ಟು, ಮೆಚ್ಚಿದ ಕಾಲೇಜನ್ನು ಎಂಟನೆಯದಾಗಿ ಬರೆದರೆ ನೋಡದ ಕಾಲೇಜೇ ದಕ್ಕಬಹುದು. ಅಣಕು ಸೀಟು ಹಂಚಿಕೆಯ ನಂತರ ಪಟ್ಟಿ ತಿದ್ದಲು ಅವಕಾಶ ನೀಡಲಾಗುತ್ತದೆಯಾದರೂ ಆ ಕೆಲವೇ ದಿನಗಳಲ್ಲಿ ಊರೂರು ತಿರುಗುವುದು ಅಸಾಧ್ಯ. ಆದ್ದರಿಂದ ಭೇಟಿ ಮೊದಲು, ಪಟ್ಟಿ ನಂತರ.

ಯಾವಾಗ ಹೋಗಬೇಕು?

ಫಲಿತಾಂಶದ ನಂತರ ಹೋದರಾಯಿತು ಎಂಬುದು ಸಾಮಾನ್ಯ ತಪ್ಪು. ಬೇಸಿಗೆಯಲ್ಲಿ ಹಲವು ಕಾಲೇಜುಗಳಲ್ಲಿ ಪರೀಕ್ಷೆ ಅಥವಾ ರಜೆ. ಖಾಲಿ ಕೊಠಡಿ, ಬೀಗ ಹಾಕಿದ ಪ್ರಯೋಗಾಲಯ ಏನನ್ನೂ ಹೇಳುವುದಿಲ್ಲ. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ದಸರಾ ರಜೆಯ ಒಂದೆರಡು ದಿನಗಳನ್ನು ಇದಕ್ಕೆ ಮೀಸಲಿಡಬಹುದು. ಆ ವೇಳೆ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತರಗತಿಗಳು ನಡೆಯುತ್ತಿರುತ್ತವೆ. ಮುಂಚಿತವಾಗಿ ದೂರವಾಣಿ ಮಾಡಿ ಅನುಮತಿ ಪಡೆಯುವುದು ಒಳಿತು. ಕಾಲೇಜೇ ಏರ್ಪಡಿಸುವ ಪ್ರದರ್ಶನದ ದಿನಕ್ಕಿಂತ ಸಾಮಾನ್ಯ ಕೆಲಸದ ದಿನದ ಭೇಟಿಯೇ ಹೆಚ್ಚು ಉಪಯುಕ್ತ.

ಹೊರಡುವ ಮುನ್ನ ಮನೆಯಲ್ಲೇ ಮುಗಿಸಬೇಕಾದ ಕೆಲಸವೂ ಇದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಅನುಮೋದನೆ ಪಡೆದ ಸಂಸ್ಥೆಗಳು ಅಧ್ಯಾಪಕರು, ಸೀಟುಗಳು, ಶುಲ್ಕ ಮೊದಲಾದ ವಿವರಗಳನ್ನು ಪ್ರಕಟಿಸಬೇಕು. ಅದರ ಮುದ್ರಿತ ಪ್ರತಿ ಕೈಯಲ್ಲಿರಲಿ. ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ ಸಂಬಂಧಿಸಿದ್ದು. ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸ್‌ಗೂ ಪ್ರತ್ಯೇಕ. ಕಾಲೇಜಿಗೆ ಒಳ್ಳೆಯ ಶ್ರೇಣಿ ಇದ್ದ ಮಾತ್ರಕ್ಕೆ ತಾವು ಬಯಸಿದ ವಿಭಾಗಕ್ಕೂ ಮಾನ್ಯತೆ ಇದೆಯೆಂದು ಭಾವಿಸಬಾರದು. ಮಾನ್ಯತೆಯ ಅವಧಿ ಮುಗಿದಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಏನು ನೋಡಬೇಕು?

ಮುಖ್ಯ ಕಟ್ಟಡ, ಸಭಾಂಗಣ, ಉದ್ಯಾನ ನೋಡಿ ಹಿಂದಿರುಗಿದರೆ ಭೇಟಿ ವ್ಯರ್ಥ. ವಿದ್ಯಾರ್ಥಿ ಕಳೆಯುವ ಕಾಲವೆಲ್ಲ ತನ್ನ ವಿಭಾಗದಲ್ಲಿ. ಪ್ರಕಟಿತ ಪಟ್ಟಿಯಲ್ಲಿರುವ ಅಧ್ಯಾಪಕರ ಹೆಸರುಗಳು ವಿಭಾಗದ ಫಲಕದಲ್ಲಿ, ವೇಳಾಪಟ್ಟಿಯಲ್ಲಿ ಇವೆಯೇ ಎಂದು ಹೋಲಿಸಬಹುದು. ಪದವಿ ಹಂತದಲ್ಲಿ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಎಂಬುದು ಎಐಸಿಟಿಇ ಮಾನದಂಡ.

ಈ ಪ್ರಶ್ನೆಗೆ ಈಗ ಮಹತ್ವ ಹೆಚ್ಚಿದೆ. 2024-25ರಿಂದ ಜಾರಿಗೆ ಬಂದ ನಿಯಮಗಳಲ್ಲಿ, ಉತ್ತಮ ಸಾಧನೆಯ ಸಂಸ್ಥೆಗಳು ಒಂದು ಕೋರ್ಸ್‌ನಲ್ಲಿ ಹೊಂದಬಹುದಾದ ಸೀಟುಗಳಿಗಿದ್ದ ಗರಿಷ್ಠ ಮಿತಿಯನ್ನು ಪರಿಷತ್ತು ತೆಗೆದುಹಾಕಿದೆ. ಕಂಪ್ಯೂಟರ್ ಸೈನ್ಸ್‌ಗೆ ಸೇರಬಯಸುವವರು ಎಷ್ಟು ಸೆಕ್ಷನ್‌ಗಳಿವೆ, ಪ್ರಯೋಗಾಲಯದಲ್ಲಿ ಒಂದು ಯಂತ್ರಕ್ಕೆ ಎಷ್ಟು ಮಂದಿ ಎಂದು ಕೇಳಲೇಬೇಕು.

ಪದವಿ ಯಾರು ನೀಡುತ್ತಾರೆ ಎಂಬುದೂ ಸ್ಪಷ್ಟವಿರಲಿ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಪಠ್ಯ, ಪರೀಕ್ಷೆ ಎಲ್ಲವೂ ವಿಶ್ವವಿದ್ಯಾಲಯದ್ದೇ. ಅದರಡಿಯ ಸ್ವಾಯತ್ತ ಕಾಲೇಜುಗಳು ತಾವೇ ಪಠ್ಯ ರೂಪಿಸಿ ಪರೀಕ್ಷೆ ನಡೆಸುತ್ತವೆ, ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಖಾಸಗಿ ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಪದವಿ ನೀಡುತ್ತವೆ.

ಯಾರನ್ನು ಕೇಳಬೇಕು?

ಪ್ರವೇಶ ಕಚೇರಿಯ ಸಿಬ್ಬಂದಿ ಹೇಳುವುದು ಕಾಲೇಜಿನ ಹೆಗ್ಗಳಿಕೆ. ಕ್ಯಾಂಟೀನಿನಲ್ಲಿ ಸಿಗುವ ಮೂರನೇ ವರ್ಷದ ವಿದ್ಯಾರ್ಥಿ ಹೇಳುವುದು ದಿನಚರಿ. ಕಳೆದ ವಾರ ಎಷ್ಟು ತರಗತಿ ನಡೆದವು, ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ಅಧ್ಯಾಪಕರು ಬಿಟ್ಟುಹೋದರು, ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬಂಥ ನಿರ್ದಿಷ್ಟ ಪ್ರಶ್ನೆಗಳಿಗೆ ನಿರ್ದಿಷ್ಟ ಉತ್ತರ ದೊರೆಯುತ್ತದೆ. ‘ಕಾಲೇಜು ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬಷ್ಟೇ ಉತ್ತರ. ಹೆತ್ತವರು ಸ್ವಲ್ಪ ದೂರ ಸರಿದು ಮಕ್ಕಳೇ ಮಾತನಾಡಲು ಬಿಟ್ಟರೆ ಮಾತು ಬಿಚ್ಚುಮನಸ್ಸಿನದಾಗುತ್ತದೆ.

ಉದ್ಯೋಗದ ಅಂಕಿಗಳಲ್ಲಿ ಎಚ್ಚರ ಬೇಕು. ಹತ್ತು ಮಂದಿಯಲ್ಲಿ ಒಬ್ಬರಿಗೆ ವಾರ್ಷಿಕ 40 ಲಕ್ಷ, ಉಳಿದ ಒಂಬತ್ತು ಮಂದಿಗೆ ತಲಾ 4 ಲಕ್ಷ ರೂಪಾಯಿ ವೇತನ ಸಿಕ್ಕಿದೆ ಎಂದುಕೊಂಡರೆ ಸರಾಸರಿ 7.6 ಲಕ್ಷ ಎನಿಸುತ್ತದೆ. ಆದರೆ ಬಹುತೇಕರ ಕೈಗೆ ಬಂದದ್ದು 4 ಲಕ್ಷ. ಆದ್ದರಿಂದ ಗರಿಷ್ಠ ಅಥವಾ ಸರಾಸರಿ ವೇತನದ ಬದಲು ಮಧ್ಯಾಂಕ ಕೇಳಬೇಕು. ತಮ್ಮ ವಿಭಾಗದಲ್ಲಿ ಎಷ್ಟು ಮಂದಿ ನೋಂದಾಯಿಸಿಕೊಂಡು, ಎಷ್ಟು ಮಂದಿ ಉದ್ಯೋಗ ಪಡೆದರು ಎಂದೂ ವಿಚಾರಿಸಬೇಕು.

ಹಾಸ್ಟೆಲ್, ಹಣ, ದಾಖಲೆ

ಹಾಸ್ಟೆಲನ್ನು ಸಂಜೆ ನೋಡುವುದು ಮೇಲು. ನೀರು, ಊಟ, ಭದ್ರತೆಯ ಸ್ಥಿತಿ ಆಗಲೇ ತಿಳಿಯುವುದು. ಹೊರಗೆ ವಾಸಿಸುವುದಾದರೆ ಬಸ್ ನಿಲ್ದಾಣದಿಂದ ಕಾಲೇಜಿಗೆ ಬೆಳಗಿನ ಹೊತ್ತು ಒಮ್ಮೆ ಪ್ರಯಾಣಿಸಿ ನೋಡಬೇಕು. ಬೆಂಗಳೂರಿನ ದಟ್ಟಣೆಯಲ್ಲಿ ದೂರವನ್ನು ಕಿಲೋಮೀಟರಿನಿಂದಲ್ಲ, ಗಂಟೆಯಿಂದ ಅಳೆಯಬೇಕು. ಯುಜಿಸಿಯ 2009ರ ನಿಯಮಗಳ ಪ್ರಕಾರ ರ‍್ಯಾಗಿಂಗ್ ತಡೆ ಸಮಿತಿ ಕಡ್ಡಾಯ; ಅದರ ಸದಸ್ಯರು ಯಾರೆಂದು ಕೇಳಲು ಸಂಕೋಚ ಬೇಡ.

ಬೋಧನಾ ಶುಲ್ಕದ ಹೊರತಾಗಿ ಹಾಸ್ಟೆಲ್, ಸಾರಿಗೆ, ಪರೀಕ್ಷೆ, ಇತರೆ ಎಂಬ ಹೆಸರಿನಲ್ಲಿ ಪಡೆಯುವ ಮೊತ್ತವನ್ನೆಲ್ಲ ಬರವಣಿಗೆಯಲ್ಲಿ ಪಡೆಯಬೇಕು. ವಂತಿಗೆ ಪಡೆಯುವುದನ್ನು ರಾಜ್ಯದ 1984ರ ಕಾಯ್ದೆ ನಿಷೇಧಿಸಿದೆ. ‘ಇಂದೇ ಮುಂಗಡ ಕಟ್ಟಿ, ಇಲ್ಲವಾದರೆ ಸೀಟು ಹೋಗುತ್ತದೆ’ ಎನ್ನುವ ಮಧ್ಯವರ್ತಿಗೆ ರಸೀದಿಯಿಲ್ಲದೆ ಹಣ ಕೊಡುವುದು ಅಪಾಯ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿ ಸೂಚಿಸಿದೆ.

ಎಲ್ಲ ಕಾಲೇಜುಗಳನ್ನೂ ನೋಡಲು ಯಾರಿಗೂ ಸಾಧ್ಯವಿಲ್ಲ. ನಿರೀಕ್ಷಿತ ರ‍್ಯಾಂಕ್‌ಗೆ ಸಿಗಬಹುದಾದ ನಾಲ್ಕೈದನ್ನು ಆರಿಸಿ, ಎಲ್ಲೆಡೆ ಒಂದೇ ಪ್ರಶ್ನೆಗಳನ್ನು ಕೇಳಿ, ಅಂದು ಸಂಜೆಯೇ ಉತ್ತರಗಳನ್ನು ಬರೆದಿಟ್ಟರೆ ಹೋಲಿಕೆ ಸುಲಭ. ಸೇರಲು ಮನಸ್ಸೊಪ್ಪದ ಕಾಲೇಜನ್ನು ಪಟ್ಟಿಯಲ್ಲಿ ಬರೆಯದಿರುವುದೇ ಕ್ಷೇಮ, ಬರೆದದ್ದು ಸಿಗಬಹುದು. ಎರಡು ದಿನದ ಅಲೆದಾಟ, ಬಸ್ ಖರ್ಚು ನಾಲ್ಕು ವರ್ಷಗಳ ಶುಲ್ಕದ ಮುಂದೆ ಅಲ್ಪವೇ ಸರಿ.