ಜಲವಿಷದ ಜೀವಪರೀಕ್ಷೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಸೀಮೆಯು ಭೀಮಾ, ಡೋಣಿ, ಕೃಷ್ಣಾ ನದಿಗಳ ನೀರನ್ನು ನೆಚ್ಚಿ ಬಾಳುವ ನಾಡು. ಮಳೆ ಕಡಮೆ, ಬೇಸಗೆಯಲ್ಲಿ ಹಳ್ಳಗಳ ಹರಿವು ಬತ್ತುವುದು. ಭೀಮಾತೀರದಲ್ಲಿ ಕಬ್ಬೂ ಸಕ್ಕರೆಯ ಕಾರ್ಖಾನೆಗಳೂ ಬೆಳೆದಿವೆ. ಊರುಗಳ ಚರಂಡಿಗಳೂ ದೊಡ್ಡವಾಗಿವೆ. ಹರಿವು ಕ್ಷೀಣವಾದ ಕಾಲದಲ್ಲಿ ಇಂತಹ ಕೊಳೆನೀರು ಸೇರಿದರೆ ಅದನ್ನು ತಿಳಿಗೊಳಿಸುವಷ್ಟು ಹೊಳೆನೀರು ಇರುವುದಿಲ್ಲ. ಆದುದರಿಂದ ಹೊರಬಿಡುವ ನೀರು ವಿಷವೇ ಅಲ್ಲವೇ ಎಂಬುದನ್ನು ಮೊದಲೇ ನಿರ್ಣಯಿಸುವುದು ಅವಶ್ಯಕ.

ಜೀವಿಗಳ ಮೂಲಕ ವಿಷವನ್ನರಿಯುವ ವಿಚಾರವು ಪ್ರಾಚೀನವಾದುದು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ವಿಷದ ಸಾನ್ನಿಧ್ಯದಿಂದ ಚಕೋರದ ಕಣ್ಣು ಕೆಂಪೇರುವುದೆಂದೂ ಕ್ರೌಂಚಕ್ಕೆ ಮದವೇರುವುದೆಂದೂ ಹೇಳಿದೆ. ಸುಶ್ರುತಸಂಹಿತೆಯ ಕಲ್ಪಸ್ಥಾನವು ವಿಷಜಲದ ಲಕ್ಷಣಗಳನ್ನೇ ವಿವರಿಸುವುದು: ನೀರು ಅಂಟಾಗಿ, ದುರ್ಗಂಧದಿಂದ ಕೂಡಿ, ನೊರೆಗಟ್ಟಿ, ಗೆರೆಗಳಿಂದ ಆವೃತವಾಗುವುದು, ಕಪ್ಪೆ ಮೀನುಗಳು ಸಾಯುವವು, ಹಕ್ಕಿಗಳು ಮತ್ತೇರಿದಂತೆ ತಿರುಗುವವು.

ಇಷ್ಟರಿಂದ ಈಗಿನ ಪರೀಕ್ಷೆಯೆಲ್ಲ ಅಂದೇ ಇದ್ದಿತೆನ್ನುವುದು ಯುಕ್ತವಲ್ಲ. ಸುಶ್ರುತನದು ಕೆಟ್ಟ ನೀರಿನ ಲಕ್ಷಣನಿರೂಪಣೆ, ಈಗಿನದು ಅಳತೆ. ನಿಯಮಿತ ಸಂಖ್ಯೆಯ ಮೀನುಗಳನ್ನು ಪರೀಕ್ಷಿಸಬೇಕಾದ ನೀರಿನಲ್ಲಿಯೂ, ಅಷ್ಟೇ ಸಂಖ್ಯೆಯವನ್ನು ಒಳ್ಳೆಯ ನೀರಿನಲ್ಲಿಯೂ ಬಿಟ್ಟು, ಕಾಲವನ್ನು ಗೊತ್ತುಪಡಿಸಿ ಎಣಿಸುವುದು ಇದರ ಕ್ರಮ. ಒಳ್ಳೆಯ ನೀರಿನ ಮೀನುಗಳೂ ಸತ್ತರೆ ಪರೀಕ್ಷೆಯೇ ವ್ಯರ್ಥ. ಕೊಳೆನೀರನ್ನು ಬೇರೆಬೇರೆ ಪ್ರಮಾಣದಲ್ಲಿ ತಿಳಿಗೊಳಿಸಿ ನೋಡಿದಾಗ, ಅರ್ಧದಷ್ಟು ಜೀವಿಗಳನ್ನು ಕೊಲ್ಲುವ ಪ್ರಮಾಣವು ತಿಳಿಯುವುದು; ಇದಕ್ಕೆ ಅರ್ಧಮಾರಕಪ್ರಮಾಣವೆನ್ನಬಹುದು. ಭಾರತದ 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಸೇರಿರುವ ಸಾಮಾನ್ಯ ಮಾನದಂಡವು, ಏನನ್ನೂ ಬೆರೆಸದ ತ್ಯಾಜ್ಯಜಲದಲ್ಲಿ 96 ಗಂಟೆಗಳ ತರುವಾಯ ನೂರಕ್ಕೆ 90 ಮೀನುಗಳು ಬದುಕಿರಬೇಕೆಂದು ವಿಧಿಸುವುದು. ದಾಫ್ನಿಯವೆಂಬ ಸೂಕ್ಷ್ಮ ಜಲಜೀವಿಯನ್ನು 48 ಗಂಟೆಗಳ ಪರೀಕ್ಷೆಗೆ ಬಳಸುವುದೂ ಉಂಟು.

ರಸಾಯನಪರೀಕ್ಷೆಯಿರಲು ಇದೇಕೆಂದರೆ, ರಸಾಯನಜ್ಞನು ತಾನು ಹುಡುಕಿದ ದ್ರವ್ಯವನ್ನು ಮಾತ್ರ ಕಾಣುವನು. ಹಲವು ದ್ರವ್ಯಗಳು ಕೂಡಿ ಮಾಡುವ ಕೇಡಿಗೆ ಜೀವಿಯೊಂದೇ ಸಾಕ್ಷಿ. ಆದರೆ ಆ ಸಾಕ್ಷಿಯು ಕೇಡನ್ನು ಹೇಳುವುದೇ ಹೊರತು ಕಾರಣವನ್ನು ಹೇಳದು. ಸಕ್ಕರೆಯ ಕಾರ್ಖಾನೆಯ ನೀರಿನಲ್ಲಿ ಸೂಕ್ಷ್ಮಾಣುಗಳು ಸಾವಯವ ಕಶ್ಮಲವನ್ನು ತಿನ್ನುತ್ತ ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಮುಗಿಸುವವು. ಆಗ ಮೀನು ಸಾಯುವುದು ವಿಷದಿಂದಲ್ಲ, ಉಸಿರುಗಟ್ಟಿ. ಎರಡನ್ನೂ ಬೇರ್ಪಡಿಸಬೇಕಾದರೆ ಪರೀಕ್ಷಾಪಾತ್ರೆಯಲ್ಲಿ ಪ್ರಾಣವಾಯುವನ್ನು ಅಳೆದು ಕಾಪಾಡಬೇಕು.

ಡೋಣಿಯ ವಿಷಯದಲ್ಲಿ ಇನ್ನೊಂದು ಎಚ್ಚರವು ಬೇಕು. ಆ ಹೊಳೆಯ ನೀರು ಸ್ವಭಾವತಃ ಉಪ್ಪು. ಬೇಸಗೆಯಲ್ಲಿ ಮತ್ತಷ್ಟು ಉಪ್ಪು. ಸಿಹಿನೀರಿನ ದಾಫ್ನಿಯವು ಅದರಲ್ಲಿ ಸತ್ತರೆ, ದೋಷವು ಚರಂಡಿಯದೋ ನೆಲದ ಉಪ್ಪಿನದೋ ಎಂಬ ಸಂದೇಹವುಂಟಾಗುವುದು. ಕೊಳೆನೀರು ಕೂಡುವ ಸ್ಥಳಕ್ಕಿಂತ ಮೇಲಣ ಡೋಣಿಯ ನೀರನ್ನೇ ಹೋಲಿಕೆಗೆ ಇರಿಸಿದಲ್ಲಿ ಈ ಸಂದೇಹವು ಬಹುಮಟ್ಟಿಗೆ ಪರಿಹಾರವಾಗುವುದು. ಇಲ್ಲದಿದ್ದರೆ ನಿರಪರಾಧಿಗೆ ದಂಡ, ಅಪರಾಧಿಗೆ ಬಿಡುಗಡೆ ಎಂಬಂತಾದೀತು.

ಪ್ರಾಣಿಹಿಂಸೆಯಿಲ್ಲದ ಮಾರ್ಗವೂ ಇರುವುದು. ಸ್ವೀಡನ್ ದೇಶದ ಆಲ್ಬರ್ಟ್ ಲೆವಾನ್ ಎಂಬ ವಿದ್ವಾಂಸನು 1938ರಲ್ಲಿ ಉಳ್ಳಾಗಡ್ಡಿಯ ಬೇರುಗಳ ಮೇಲೆ ನಡೆಸಿದ ಶೋಧನೆಯಿಂದ ಅದು ಬೆಳೆದುಬಂದಿತು. ಗಡ್ಡೆಯ ಬುಡವನ್ನು ನೀರಿಗೆ ತಗುಲಿಸಿಟ್ಟು ಕೆಲವು ದಿನ ಬಿಟ್ಟರೆ, ಒಳ್ಳೆಯ ನೀರಿನಲ್ಲಿ ಬೇರುಗಳು ನೀಳವಾಗಿ ಇಳಿಯುವವು, ವಿಷಜಲದಲ್ಲಿ ಕುಗ್ಗುವವು. ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳ ವಿಕಾರವೂ ತೋರುವುದು. ಬೇರು ಮೀನಿನ ಬದಲು ಸಾಕ್ಷಿ ನುಡಿಯಲಾರದು. ಮೊದಲ ಎಚ್ಚರಿಕೆಯನ್ನಂತೂ ಕೊಡಬಲ್ಲುದು. ಉಳ್ಳಾಗಡ್ಡಿಯು ಬಸವನಬಾಗೇವಾಡಿಯ ಕಡೆಯ ಹೊಲಗಳ ಬೆಳೆಯೇ ಆಗಿರುವುದರಿಂದ, ಅಲ್ಲಿಯ ಶಾಲೆಯೊಂದು ಗಾಜಿನ ಲೋಟಗಳಿಂದಲೇ ಈ ಪ್ರಾಥಮಿಕ ಪರೀಕ್ಷೆಯನ್ನು ನಡೆಸಬಹುದಾಗಿದೆ.