ಭೇದಿ ನಿಂತಿತು, ಮಂಡಿ ಯಾಕೆ ಊದಿತು?

ಹೊಟ್ಟೆ ಕೆಟ್ಟು ಮೂರು ದಿನ ಒದ್ದಾಡಿದ್ದು, ಓಆರ್‌ಎಸ್ ಕುಡಿದು ಸುಧಾರಿಸಿಕೊಂಡಿದ್ದು ಎಲ್ಲಾ ಮರೆತೇ ಹೋಗಿರುತ್ತೆ. ಎರಡು ವಾರ ಕಳೆದು ಒಂದು ಬೆಳಿಗ್ಗೆ ಏಳ್ತೀರಿ, ಬಲ ಮಂಡಿ ಊದಿಕೊಂಡಿದೆ, ಹಿಮ್ಮಡಿ ನೆಲಕ್ಕೆ ಊರೋಕಾಗ್ತಿಲ್ಲ. ಬಿದ್ದಿಲ್ಲ, ಏಟಾಗಿಲ್ಲ. ವಾತ ಅಂತ ಒಬ್ಬರು, ಚಿಕೂನ್‌ಗುನ್ಯಾ ಅಂತ ಇನ್ನೊಬ್ಬರು ಹೇಳ್ತಾರೆ. ಹಳೇ ಭೇದಿ ಯಾರಿಗೂ ನೆನಪಾಗೋದಿಲ್ಲ. ಕಾರಣ ಅದೇ ಇರಬಹುದು.

ಇದರ ಹೆಸರು ರಿಯಾಕ್ಟಿವ್ ಆರ್ಥ್ರೈಟಿಸ್. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಯೆರ್ಸಿನಿಯಾದಂಥ ಬ್ಯಾಕ್ಟೀರಿಯಾಗಳು ಕರುಳಿಗೆ ಸೋಂಕು ತಗುಲಿಸಿದ ಮೇಲೆ, ಸಾಮಾನ್ಯವಾಗಿ 1ರಿಂದ 4 ವಾರಗಳಲ್ಲಿ, ಕೆಲವರಿಗೆ ಕೀಲು ಊದಿಕೊಳ್ಳುತ್ತದೆ. ಹೆಚ್ಚಾಗಿ ಮಂಡಿ, ಕಣಕಾಲು. ಅದೂ ಎರಡೂ ಕಡೆ ಸಮನಾಗಿ ಅಲ್ಲ. ಜೊತೆಗೆ ಕಣ್ಣು ಕೆಂಪಾಗಬಹುದು, ಮೂತ್ರ ಮಾಡುವಾಗ ಉರಿ ಬರಬಹುದು.

ವಿಚಿತ್ರ ಏನೆಂದರೆ, ಕೀಲಿನ ನೀರು ತೆಗೆದು ಕಲ್ಚರ್ ಮಾಡಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕರುಳಿನ ಸೋಂಕಿನ ವಿರುದ್ಧ ಎದ್ದುನಿಂತ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕೀಲಿನಲ್ಲಿ ಉರಿಯೂತ ಉಂಟುಮಾಡುತ್ತಿರುತ್ತದೆ. ಎಚ್‌ಎಲ್‌ಎ-ಬಿ27 ಎಂಬ ಜೀನ್ ಇರುವವರಲ್ಲಿ ಇದು ಹೆಚ್ಚು ತೀವ್ರವಾಗಿ, ಹೆಚ್ಚು ದಿನ ಕಾಡುತ್ತದೆ.

ಭೇದಿಗೂ ಕೀಲಿಗೂ ಇರುವ ಈ ನಂಟು ಹೊಸ ವಿಷಯವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಫಿನ್‌ಲೆಂಡ್‌ನಲ್ಲಿ ಶಿಗೆಲ್ಲಾ ಆಮಶಂಕೆ ಹಬ್ಬಿದಾಗ ಹೀಗೆ ನರಳಿದ 344 ಮಂದಿಯ ವಿವರವನ್ನು ಪಾರೊನೆನ್ ಎಂಬ ವೈದ್ಯರು 1948ರಲ್ಲೇ ಪ್ರಕಟಿಸಿದ್ದರು.

ಆದರೂ ಇವತ್ತಿಗೂ ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಸುಳಿವು ಸಿಗೋದು ರೋಗಿಯ ಮಾತಿನಲ್ಲಿ. ಮಂಡಿ ತೋರಿಸೋಕೆ ಹೋದವರು ಹೊಟ್ಟೆಯ ಕಥೆ ಹೇಳೋದಿಲ್ಲ. ಗಡಿಬಿಡಿಯ ಓಪಿಡಿಯಲ್ಲಿ ಡಾಕ್ಟರೂ ಕೇಳದೇ ಇರಬಹುದು. ಆಗ ಇಲ್ಲದ ಕಾಯಿಲೆಗೆ ತಿಂಗಳುಗಟ್ಟಲೆ ಮಾತ್ರೆ ನುಂಗುವ ಪರಿಸ್ಥಿತಿ ಬರುತ್ತೆ.

ಚಿಕಿತ್ಸೆ ಇದೆ. ವೈದ್ಯರ ಸಲಹೆಯಂತೆ ಉರಿಯೂತ ತಗ್ಗಿಸುವ ಮಾತ್ರೆ, ವಿಶ್ರಾಂತಿ, ಬೇಕಾದರೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಕರುಳಿನ ಸೋಂಕು ವಾಸಿಯಾದ ಮೇಲೆ ಆ್ಯಂಟಿಬಯೋಟಿಕ್ ತಗೊಂಡರೆ ಕೀಲಿಗೆ ಪ್ರಯೋಜನವಿಲ್ಲ. ಬಹಳಷ್ಟು ಜನ 6ರಿಂದ 12 ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ನೋವು ದೀರ್ಘಕಾಲ ಉಳಿಯುತ್ತದೆ.

ಆದರೆ ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಕಾಯಬೇಡಿ. ಕೀಲಿನೊಳಗೇ ಕೀವಾಗಿರಬಹುದು, ಅದು ತುರ್ತು ಸ್ಥಿತಿ. ಕಣ್ಣು ನೋವಿನಿಂದ ಕೆಂಪಾದರೂ ತಡಮಾಡಬೇಡಿ.

ಮುಂದಿನ ಸಲ ಮಂಡಿ ಹಿಡ್ಕೊಂಡು ಡಾಕ್ಟರ್ ಮುಂದೆ ಕೂತಾಗ, ಅವರು ಕೇಳದಿದ್ದರೂ ಒಂದು ಮಾತು ಹೇಳಿಬಿಡಿ: "ಹೋದ ತಿಂಗಳು ಭೇದಿ ಆಗಿತ್ತು."