ಹಳೆಯ ಮೇವು ಕತ್ತರಿಸುವ ಯಂತ್ರ: ಬಳಕೆ ಮತ್ತು ಜೋಪಾನ

ಬಳ್ಳಾರಿ ಸುತ್ತಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಸೊಪ್ಪೆ ದನಗಳ ಮುಖ್ಯ ಒಣಮೇವುಗಳಲ್ಲೊಂದು. ಇದನ್ನು ಇಡಿಯಾಗಿ ಹಾಕಿದರೆ ದನಗಳು ಎಲೆ, ತುದಿಗಳನ್ನು ತಿಂದು ದಂಟನ್ನು ಗೋದಲಿಯಲ್ಲೇ ಬಿಡುತ್ತವೆ. 2ರಿಂದ 3 ಸೆಂಟಿಮೀಟರ್ ಉದ್ದಕ್ಕೆ ತುಂಡರಿಸಿ ಹಾಕಿದರೆ ದಂಟೂ ಹೊಟ್ಟೆ ಸೇರುತ್ತದೆ. ಇದಕ್ಕೆಂದೇ ಕೊಂಡ ಕೈಚಕ್ರದ ಯಂತ್ರ ಅನೇಕರ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದಿದೆ. 'ಕತ್ತರಿಸುವುದಿಲ್ಲ, ಜಗಿಯುತ್ತದೆ' ಎಂಬುದು ಸಾಮಾನ್ಯ ದೂರು. ಎರಕದ ಚಕ್ರದಲ್ಲಿ ಬಿರುಕಿಲ್ಲದಿದ್ದರೆ, ಹಲ್ಲುಗಾಲಿಗಳು ಸರಿಯಿದ್ದರೆ ಅದನ್ನು ಗುಜರಿಗೆ ಹಾಕಬೇಕಾಗಿಲ್ಲ.

ಈ ಯಂತ್ರದ ಕೆಲಸ ಕತ್ತರಿಯ ಕೆಲಸವೇ. ಚಕ್ರಕ್ಕೆ ಬಿಗಿದ ಎರಡು ಬ್ಲೇಡುಗಳು ಒಂದು ಬದಿ, ಮೇವು ಹೊರಬರುವ ಬಾಯಿಯ ಉಕ್ಕಿನ ಪಟ್ಟಿ ಇನ್ನೊಂದು ಬದಿ. ರೈತರು ಬ್ಲೇಡಿಗೆ ಸಾಣೆ ಹಿಡಿಸುತ್ತಾರೆ, ಪಟ್ಟಿಯನ್ನು ಮರೆಯುತ್ತಾರೆ. ಪಟ್ಟಿಯ ಅಂಚು ಸವೆದು ದುಂಡಗಾಗಿದ್ದರೆ ಎಷ್ಟೇ ಚೂಪಾದ ಬ್ಲೇಡೂ ದಂಟನ್ನು ಮಡಿಸಿ ಎಳೆಯುತ್ತದೆ. ಆದ್ದರಿಂದ ಮೊದಲು ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ಮೂಲೆ ಬರುವಂತೆ ಮಾಡಬೇಕು.

ಬ್ಲೇಡುಗಳನ್ನು ಎರಡನ್ನೂ ಬಿಚ್ಚಿ ಸಮನಾಗಿ ಮಸೆಯಬೇಕು. ಇಳಿಜಾರಿರುವ ಬದಿಯನ್ನಷ್ಟೇ ಮಸೆಯತಕ್ಕದ್ದು. ಪಟ್ಟಿಯ ಕಡೆ ಇರುವ ಸಪಾಟು ಬದಿಯನ್ನು ಮುಟ್ಟಬಾರದು. ಕರೆಂಟಿನ ಸಾಣೆಗೆ ಒತ್ತಿ ಹಿಡಿದಾಗ ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಿರಿ. ಆಗಾಗ ನೀರಿನಲ್ಲಿ ಅದ್ದುತ್ತಾ ನಿಧಾನವಾಗಿ ಮಸೆಯುವುದು ಮೇಲು. ಸಂಗನಕಲ್ಲಿನವರಿಗೆ ಇದನ್ನು ಹೇಳಿಕೊಡಬೇಕೆ? ನವಶಿಲಾಯುಗದ ಜನ ಡಾಲರೈಟ್ ಕಲ್ಲಿನ ಕೊಡಲಿಗಳನ್ನು ಉಜ್ಜಿ ನಯ ಮಾಡಿದ ಗುಳಿಗಳು ಅಲ್ಲಿಯ ಗುಡ್ಡದ ಬಂಡೆಗಳ ಮೇಲೆ ಇಂದಿಗೂ ಇವೆ.

ಬ್ಲೇಡು ಕೂರಿಸಿದ ಮೇಲೆ ಸಂದನ್ನು ಹೊಂದಿಸಬೇಕು. ಬ್ಲೇಡು ಪಟ್ಟಿಗೆ ತಾಗಬಾರದು, ಆದರೆ ಕಾಗದವನ್ನು ಹರಿಯದೆ ಕತ್ತರಿಸುವಷ್ಟು ಹತ್ತಿರವಿರಬೇಕು. ಕಡ್ಡಿಗೆ ಸಿಕ್ಕಿಸಿದ ಕಾಗದವನ್ನು ಬಾಯಿಯ ಎರಡು ತುದಿ ಮತ್ತು ನಡುವೆ ಹಿಡಿದು, ಚಕ್ರವನ್ನು ನಿಧಾನವಾಗಿ ತಿರುಗಿಸಿ ಪರೀಕ್ಷಿಸಿ. ಕಾಗದವನ್ನು ಬೆರಳಿನಲ್ಲಿ ಹಿಡಿಯಬೇಡಿ. ಬಳಿಕ ನಟ್ಟು ಬೋಲ್ಟುಗಳನ್ನು ಬಿಗಿದು, ಬೇರಿಂಗಿಗೆ ಎಣ್ಣೆ, ಹಲ್ಲುಗಾಲಿಗಳಿಗೆ ಗ್ರೀಸು ಕೊಡಿ.

ಈಗ ಮುಖ್ಯ ಮಾತು. ಕೈಯಂತ್ರಕ್ಕೆ ಮೋಟಾರು ಜೋಡಿಸುವುದು ಎಲ್ಲೆಡೆ ನಡೆದಿದೆ. ಹಾಗೆ ಮಾಡುವವರು ಮೊದಲು ಲೆಕ್ಕ ಹಾಕಬೇಕು. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 3 ಅಂಗುಲದ ರಾಟೆ ಹಾಕಿ, 36 ಅಂಗುಲದ ಚಕ್ರಕ್ಕೆ ಬೆಲ್ಟು ಕೊಟ್ಟರೆ ಚಕ್ರ 120 ಸುತ್ತು ತಿರುಗುತ್ತದೆ. 6 ಅಂಗುಲದ ರಾಟೆ ಹಾಕಿದರೆ 240. ಕೈಯಿಂದ ತಿರುಗಿಸಲೆಂದು ಎರಕ ಹೊಯ್ದ ಹಳೆಯ ಚಕ್ರಕ್ಕೆ ಅಷ್ಟು ವೇಗ ಬೇಡವೆಂದೇ ನನ್ನ ಅಭಿಪ್ರಾಯ. ಕೈಯಲ್ಲಿ ತಿರುಗಿಸುವವನು ಕೂಗಿದೊಡನೆ ಬಿಡುತ್ತಾನೆ, ಮೋಟಾರು ಬಿಡುವುದಿಲ್ಲ. ಸ್ವಿಚ್ಚು ಆರಿಸಿದರೂ ಭಾರವಾದ ಚಕ್ರ ಕೆಲವು ಸುತ್ತು ತಿರುಗಿಯೇ ನಿಲ್ಲುತ್ತದೆ. ಉರುಳೆಗಳು ಸೊಪ್ಪೆಯನ್ನು ಎಳೆದಂತೆ ಕೈಯನ್ನೂ ಎಳೆಯುತ್ತವೆ.

ಮೇವು ಕೊಡುವ ತೊಟ್ಟಿ ನಿಮ್ಮ ತೋಳಿಗಿಂತ ಉದ್ದವಿರಲಿ, ಉರುಳೆಗಳ ಕಡೆಯ ಅರ್ಧಭಾಗಕ್ಕೆ ತಗಡಿನ ಮುಚ್ಚಳ ಹಾಕಿಸಿ. ಗಿಡ್ಡ ತುಂಡುಗಳನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳಿ. ಸೆರಗು, ಟವೆಲು, ಸಡಿಲವಾದ ತೋಳು ಬೇಡ. ಕೆಲಸ ಮುಗಿದೊಡನೆ ಚಕ್ರಕ್ಕೆ ಸರಪಳಿ ಹಾಕಿ ಬೀಗ ಜಡಿಯಿರಿ. ಮಕ್ಕಳಿಗೆ ಅದು ಆಟದ ಸಾಮಾನಿನಂತೆ ಕಾಣುತ್ತದೆ. ಒಂದು ವೇಳೆ ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತುಂಡನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಮಂಜುಗಡ್ಡೆ ನೇರವಾಗಿ ತಾಗಬಾರದು.

ಕೊನೆಗೆ, ಎಳೆಯ ಜೋಳ ಮತ್ತು ಕೂಳೆಜೋಳದ ಹಸಿ ಚಿಗುರಿನಲ್ಲಿ ದನಗಳನ್ನು ಕೊಲ್ಲಬಲ್ಲ ವಿಷಾಂಶವಿರುತ್ತದೆ. ಯಂತ್ರದಲ್ಲಿ ತುಂಡರಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹೂ ಬಿಟ್ಟ ಮೇಲೆಯೇ ಹಸಿಜೋಳವನ್ನು ಕತ್ತರಿಸಿ ಹಾಕಿರಿ.